ಒಬ್ಬಟ್ಟಿನ ಅಂಚು

ಗೌರಿಬಿದನೂರು
೨೨ ಸೆಪ್ಟೆಂಬರ್ ೧೯೯೩

ಮಾನ್ಯ ಅಧ್ಯಕ್ಷರೇ, ವೇದಿಕೆಯನ್ನು ಅಲಂಕರಿಸಿರುವ ಗಣ್ಯರೇ, ಸೊಪ್ಪಿನಿಂದ ತಲೆಯೆತ್ತದೆ ನನ್ನ ಮಾತನ್ನು ಆಲಿಸುತ್ತಿರುವ ಸಹಸ್ರಾರು ಸಭಿಕರೇ,

ಈ ದಿನ ತಮ್ಮ ಮುಂದೆ ಆರೋಪಿಯಾಗಿ ನಿಂತಿರುವುದು ಒಂದು ಹೊಟ್ಟೆ. ವಯಸ್ಸು ನಲವತ್ತೈದು. ವಾಸ ಗೌರಿಬಿದನೂರು. ಉದ್ಯೋಗ, ಕುಡುಮಲಕುಂಟೆಯ ಕಾರ್ಖಾನೆಯೊಂದರ ಹಾಜರಿ ಗುಮಾಸ್ತನ ಅಂಗಿಯೊಳಗೆ ಅಡಗಿ ಕೂರುವುದು. ಆರೋಪ, ಗಣೇಶನ ಹಬ್ಬದ ಮಾರನೆಯ ದಿನ ಹೆಂಡತಿ ಶ್ಯಾಮಲ ನೆಂಟರಿಗೆಂದು ಎತ್ತಿಟ್ಟಿದ್ದ ಕರ್ಜಿಕಾಯಿ ಡಬ್ಬವನ್ನು, ಅವಳು ನೀರಿಗೆ ಹೋಗಿಬರುವಷ್ಟರಲ್ಲಿ ಬರಿದು ಮಾಡಿದ್ದು.

ಗೌರಿ ಕೊಟ್ಟಳು ಬಾಗಿನ,
ಗಣಪ ಕೊಟ್ಟ ಭೋಜನ;
ನಾಲಗೆಯೆಂದಿತು ‘ಹಾಕು ಹಾಕು’,
ಅಂಗಿಯ ಗುಂಡಿ ‘ಸಾಕು ಸಾಕು’!

ನಗಬೇಡ ಅಕ್ಕ. ಸಾದಲಿಯ ನಮ್ಮ ಹುಳದ ಮನೆಯಲ್ಲಿ ರೇಷ್ಮೆಹುಳದ ತಟ್ಟೆಗಳನ್ನೇ ಸಭೆ ಮಾಡಿಕೊಂಡು ನಾನು ಶಾಲೆಯ ಭಾಷಣ ಸ್ಪರ್ಧೆಗೆ ತಯಾರಾಗುತ್ತಿದ್ದಾಗ ನೀನೇ ಅಧ್ಯಕ್ಷೆ. ಹುಳುಗಳು ಸೋನೆ ಮಳೆಯ ಹಾಗೆ ಸದ್ದು ಮಾಡುತ್ತ ಸೊಪ್ಪು ಮೇಯುತ್ತಿದ್ದವು, ಅದೇ ನನಗೆ ಚಪ್ಪಾಳೆ. ಕೈ ಬೀಸಿ ಬೀಸಿ ಮಾತಾಡುತ್ತ ಸೊಪ್ಪು ಕತ್ತರಿಸುವ ಕತ್ತಿಯನ್ನು ಕಾಲ ಮೇಲೆ ಕೆಡವಿಕೊಂಡು ಎಡಗಾಲಿನ ಕಿರುಬೆರಳು ಕಳೆದುಕೊಂಡದ್ದೂ ಆ ವೇದಿಕೆಯಲ್ಲೇ. ನಿನ್ನ ಲಂಗ ಹರಿದು ಕಟ್ಟಿದವಳು ನೀನು. ಆದ್ದರಿಂದ ನಿನ್ನ ಮುಂದೆ ನಾಚಿಕೆಯೇನು, ಹೇಳಿಬಿಡುತ್ತೇನೆ.

ಅದು ಹಸಿವಲ್ಲ. ಮಿಕ್ಕ ತಿಂಗಳುಗಳಲ್ಲಿ ನಾನು ಎರಡು ಮುದ್ದೆಯ ಮನುಷ್ಯ. ಗೌರಿಹಬ್ಬದಿಂದ ಸಂಕ್ರಾಂತಿಯವರೆಗೆ ಮಾತ್ರ, ಮನೆಯಲ್ಲಿ ಬೆಲ್ಲ ಕಾಯುವ ವಾಸನೆ ಎದ್ದರೆ ಸಾಕು, ಏನೋ ಒಂದು ಒಳಗೆ ಎದ್ದು ಕೂರುತ್ತದೆ. ಮೊನ್ನೆ ಹತ್ತನೆಯ ಕರ್ಜಿಕಾಯಿ ತಿನ್ನುವಾಗ ರುಚಿ ಇರಲಿಲ್ಲ. ಇಪ್ಪತ್ತನೆಯದು ತಿನ್ನುವಾಗ ನಾನೇ ಇರಲಿಲ್ಲ. ಶ್ಯಾಮಲ ಬಾಗಿಲಲ್ಲಿ ನಿಂತು ಎರಡು ಸಲ ಕೂಗಿದಳಂತೆ. ಆಮೇಲೆ ಹೇಳಿದಳು: “ನೀವು ತಿರುಗಿ ನೋಡಿದ್ರಲ್ಲ, ಆ ಮುಖ ನಿಮ್ಮದಲ್ಲ ಕಣ್ರೀ.”

ಈ ವರ್ಷ ಒಂದು ನೇಮ ಹಿಡಿದಿದ್ದೇನೆ. ಎಲೆಯ ಮುಂದೆ ಕೂತು, ನಾಲ್ಕು ಜನರ ಎದುರಿಗೆ, ಬಡಿಸಿದ್ದನ್ನು ಮಾತ್ರ ತಿನ್ನುವುದು. ಡಬ್ಬಕ್ಕೆ ಕೈ ಹಾಕುವಂತಿಲ್ಲ, ನಿಂತು ತಿನ್ನುವಂತಿಲ್ಲ, ಒಬ್ಬನೇ ತಿನ್ನುವಂತಿಲ್ಲ. ಅಧ್ಯಕ್ಷರು ಆಶೀರ್ವದಿಸಬೇಕು.

ಇಂತಿ, ಗುಂಡಿ ಕಿತ್ತ ಅಂಗಿಯ, ಗಟ್ಟಿ ಮಾತಿನ ಭಂಗಿಯ,
ನಿನ್ನ ತಮ್ಮ ಚನ್ನಕೇಶವ


ಸಾದಲಿ
೩೦-೯-೯೩

ಚಿ॥ ಚನ್ನಕೇಶವನಿಗೆ ಅಕ್ಕ ಆದಿಲಕ್ಷ್ಮಮ್ಮ ಮಾಡುವ ಆಶೀರ್ವಾದಗಳು. ಇಲ್ಲಿ ನಾವು ಕ್ಷೇಮ.

ನಿನ್ನ ಕಾಗದ ನಿಮ್ಮ ಭಾವಂಗೂ ಓದಿ ಹೇಳ್ದೆ. ನಕ್ಕೂ ನಕ್ಕೂ ಕೆಮ್ಮು ಬಂತು ಅವರಿಗೆ. “ನಿನ್ನ ತಮ್ಮಂಗೆ ಹುಳದ ತಟ್ಟೇಲಿ ಹಾಸಿಗೆ ಹಾಕು, ಸೊಪ್ಪು ಹಾಕ್ತಾ ಇರಣ, ಕೊನೆಗೆ ಒಂದು ಗೂಡಾದ್ರೂ ಕಟ್ತಾನೆ” ಅಂದ್ರು. ನಾನು ನಗಲಿಲ್ಲ ಕಣಪ್ಪ. ಅಮ್ಮನೂ ಹಿಂಗೇ ಇದ್ಲಲ್ಲ.

ಹದಿನೈದನೇ ತಾರೀಕು ಪಿತೃಪಕ್ಷದ ಅಮಾಸೆ. ಅಮ್ಮಂಗೆ ಎಡೆ ಇಡೋದು ಇದು ನಾಲ್ಕನೇ ವರ್ಷ. ನಿಮ್ಮ ಟೌನಲ್ಲಿ ಮರೆತಿದ್ರೆ ಹೇಳ್ತೀನಿ, ನಮ್ಮಲ್ಲಿ ಈಗಲೂ ಮೊದಲಿನಂಗೇ. ಸತ್ತೋರಿಗೆ ಇಷ್ಟ ಆದ್ದೆಲ್ಲ ಮಾಡಿ, ನಡುಮನೇಲಿ ಎಲೆ ಹಾಕಿ ಬಡಿಸಿ, ಹೊಸ ಸೀರೆ ಇಟ್ಟು, ಸಾಂಬ್ರಾಣಿ ಹಾಕಿ, ಕದ ಮುಚ್ಚಿಕೊಂಡು ಎಲ್ಲಾ ಜಗುಲಿಗೆ ಬಂದುಬಿಡೋದು. ಒಂದು ಊದುಬತ್ತಿ ಉರಿಯೋವಷ್ಟು ಹೊತ್ತು. ಆಮೇಲೆ ಕೆಮ್ಮಿ, ಕದ ತೆಗೆದು ನೋಡೋದು. ಎಲ್ಲಾರ ಮನೇಲೂ ಏನಾದ್ರೂ ಗುರುತು ಇರ್ತದೆ, ನೀರು ಒಂಚೂರು ಇಳಿದಿರೋದು, ಅನ್ನ ಒಂಚೂರು ಕದಲಿರೋದು. ನಮ್ಮ ಮನೇಲಿ ಮೂರು ವರ್ಷ, ಇಟ್ಟಂಗೇ ಐತೆ. ಎಲೆ ಎತ್ತಿ ಮಾಳಿಗೆ ಮೇಲೆ ಇಟ್ರೆ ಕಾಗೇನೂ ಇಳೀಲಿಲ್ಲ. ಹೋದ ವರ್ಷ ಮೂರು ದಿನ ಅಲ್ಲೇ ಇತ್ತು. ಬೆಲ್ಲದ ಹೂರಣಕ್ಕೆ ಒಂದು ಇರುವೆ ಹತ್ತಲಿಲ್ಲ ಕಣೋ.

ಯಾಕೆ ಅಂತ ನಿನಗೆ ಗೊತ್ತು. ಆ ಯುಗಾದಿ ದಿನ ಪಂಕ್ತೀಲಿ ನೆಂಟರೆಲ್ಲ ಕೂತಿದ್ದಾಗ ಅಮ್ಮನ ಎಲೆ ಮೇಲಿಂದ ಒಬ್ಬಟ್ಟು ಎತ್ತಿಕೊಂಡವಳು ನಾನು. ಸಕ್ಕರೆ ಕಾಯಿಲೆ, ಕಾಲು ಕೊಳೀತದೆ ಅಂತ ಡಾಕ್ಟ್ರು ಹೇಳಿದ್ರು, ಅದಕ್ಕೆ ಎತ್ತಿದೆ. ತಿನ್ನೋರ ಎಲೆಗೆ ಕೈ ಹಾಕಬಾರದಿತ್ತು. ಅಮ್ಮ ಎದ್ದು ಕೈ ತೊಳೆದು ತೆಲುಗಲ್ಲಿ ಅಂದ್ಲು: “ನೀ ಇಂಟ್ಲೋ ಮೆತುಕು ಮುಟ್ಟನು.” ನಿನ್ನ ಮನೇಲಿ ಅಗುಳು ಮುಟ್ಟಲ್ಲ ಅಂತ. ತನ್ನ ಮನೇನೇ ನನ್ನ ಮನೆ ಅಂದುಬಿಟ್ಲು. ಅದೇ ಸಾಯಂಕಾಲದ ಬಸ್ಸಿಗೆ ನಿನ್ನ ಹತ್ರ ಬಂದ್ಲು. ಐದು ತಿಂಗಳಿಗೆ ಹೋದ್ಲು. ಮಾತು ಉಳಿಸಿಕೊಂಡ್ಲು.

ಈ ಸಲ ನೀನು ಬಾ. ಮಗ ಬಂದ್ರಾದ್ರೂ ಬರ್ತಾಳೇನೋ.

ಇಂತಿ ಆಶೀರ್ವಾದಗಳು
ಆದಿಲಕ್ಷ್ಮಮ್ಮ


ಸಾದಲಿ
೧೭-೧೦-೯೩

ಚಿ॥ ಚನ್ನಕೇಶವನಿಗೆ ಆಶೀರ್ವಾದಗಳು.

ನೀನು ಬೆಳಿಗ್ಗೆ ಬಸ್ಸಿಗೆ ಹೊರಟಾಗಿಂದ ಯಾರಿಗೆ ಹೇಳಲಿ ಯಾರಿಗೆ ಬಿಡಲಿ ಅಂತ ಆಗೈತೆ. ಮತ್ತೆ ನಿನಗೇ ಬರೀತೀನಿ. ಅಮ್ಮ ಉಂಡ್ಲು ಕಣೋ! ಅಮ್ಮ ಉಂಡ್ಲು!

ನೀನು ತಲೆನೋವು ಅಂತ ಹುಳದ ಮನೇಲಿ ಚಾಪೆ ಹಾಕ್ಕೊಂಡು ಮಲಗಿದ್ದೆ, ಪಾಪ, ಕದ ತೆಗೆದಾಗ ನೋಡಲಿಲ್ಲ. ನಾಲ್ಕು ಒಬ್ಬಟ್ಟು ಇಟ್ಟಿದ್ದೆ, ನಾಲ್ಕೂ ಇಲ್ಲ. ಕುಂಬಳಕಾಯಿ ಪಲ್ಯ ಬಳಿದಂಗೆ ಖಾಲಿ. ವಡೆ ಇಲ್ಲ. ಚಿಕ್ಕವೆಂಕಟಮ್ಮ ಪಕ್ಕದ ಮನೆಯಿಂದ ನೋಡೋಕೆ ಬಂದೋಳು ಹೊಸಲ ಮೇಲೇ ಕೂತುಬಿಟ್ಲು. ನೀರು ಇಳಿಯೋದು ಕಂಡಿದ್ದೀವಿ, ಎಲೇನೇ ಬರಿದಾಗೋದು ಕಂಡಿಲ್ಲ ಅಂದ್ಲು.

ನಾನೂ ಮೊದಲು ಬೆಕ್ಕೇನೋ ಅಂದುಕೊಂಡೆ. ಆಮೇಲೆ ಎಲೆ ಎತ್ತಿದೆ. ಎಲೆ ತುದಿ ಕೆಳಗೆ ಅಂಚು ಇತ್ತು. ಒಬ್ಬಟ್ಟಿನ ಅಂಚು, ಸುತ್ತಲೂ ಬಳೆ ಹಂಗೆ ಕಿತ್ತು, ಒಂದರ ಮೇಲೊಂದು ನಾಲ್ಕು. ಹಲ್ಲು ಹೋದಮೇಲೆ ಅಮ್ಮ ಹಿಂಗೇ ಅಲ್ವೇನೋ? ಮಧ್ಯದ ಮೆತ್ತನೆಯದು ತಾನು ತಿಂದು, ಗಟ್ಟಿ ಅಂಚು ಎಲೆ ತುದಿ ಕೆಳಗೆ ಮುಚ್ಚಿಡ್ತಿದ್ಲು. “ಅಂಚು ಚನ್ನಂಗೆ” ಅಂತ. ನೀನು ಬಂದು ಎಲೆ ಎತ್ತಿ ತಗೊಂಡು ತಿನ್ತಿದ್ದೆ.

ಆವತ್ತು ನಾನು ಎಷ್ಟು ಉಂಡೆ ಗೊತ್ತಾ. ನಾಲ್ಕು ವರ್ಷದಲ್ಲಿ ಮೊದಲನೇ ಸಲ ತುತ್ತು ಗಂಟಲಲ್ಲಿ ನಿಲ್ಲಲಿಲ್ಲ. ನಿಮ್ಮ ಭಾವ ಮಾತ್ರ ಒಂದು ಮಾತು ಆಡಿದ್ರು, ನಿನಗೆ ಬರೆಯಲ್ಲ ಅದನ್ನ.

ಆದಿಲಕ್ಷ್ಮಮ್ಮ


ಗೌರಿಬಿದನೂರು
೨೬ ಅಕ್ಟೋಬರ್ ೧೯೯೩

ಮಾನ್ಯ ಅಧ್ಯಕ್ಷರೇ,

ಸಭೆಯಲ್ಲಿ ಇಂದು ಪ್ರಶ್ನೋತ್ತರಕ್ಕೆ ಅವಕಾಶವಿಲ್ಲ. ಭಾಷಣಕಾರರಿಗೆ ಗಂಟಲು ಸರಿಯಿಲ್ಲ.

ಕದ ಹಾಕಿದರೆ ಕತ್ತಲು,
ಕದ ತೆರೆದರೆ ಬತ್ತಲು;
ನಡುವೆ ಉಂಡವರಾರೋ,
ಅದನು ಕಂಡವರಾರೋ.

ಅಕ್ಕ, ನಿನಗೆ ಸಮಾಧಾನವಾಯಿತಲ್ಲ, ಅಷ್ಟು ಸಾಕು. ಹಿರಿಯರ ಎಡೆ ವರ್ಷಕ್ಕೊಂದೇ ಸಲ. ಬಂದರು, ಉಂಡರು, ಹೋದರು. ಅವರನ್ನು ಮತ್ತೆ ಮತ್ತೆ ಕರೆದು ತೊಂದರೆ ಕೊಡಬಾರದು. ನಮ್ಮ ಕಾರ್ಖಾನೆಯಲ್ಲೂ ವರ್ಷಕ್ಕೊಮ್ಮೆ ಬರುವ ಸಾಹೇಬರನ್ನು ನಾವು ಮತ್ತೆ ಕರೆಯುವುದಿಲ್ಲ.

ಒಂದು ವಿಷಯ. ಅಂಚು ಎಲೆಯ ತುದಿಯ ಕೆಳಗಿತ್ತೆಂದು ಬರೆದಿದ್ದೀಯ. ಸರಿಯಾಗಿ ನೋಡಿದ್ದೀಯಾ? ಬಡಿಸುವಾಗ ಮುರಿದು ಬಿದ್ದ ಚೂರುಗಳಿರಬಹುದು. ನಾಲ್ಕೂ ಪೂರ್ತಿ ಬಳೆಗಳೇ? ಚಿಕ್ಕವೆಂಕಟಮ್ಮ ನೋಡಿದಳೇ? ಇದನ್ನು ಸುಮ್ಮನೆ ಕೇಳುತ್ತಿದ್ದೇನೆ. ಆದರೆ ಮರೆಯದೆ ಬರೆ.

ನನ್ನ ನೇಮ ಅರ್ಧಕ್ಕೆ ಮುರಿದಿದೆ. ವಿಜಯದಶಮಿಯ ಮರುದಿನ ಶ್ಯಾಮಲ ಡಬ್ಬಗಳನ್ನೆಲ್ಲ ಪಕ್ಕದ ಮನೆಗೆ ಸಾಗಿಸಿದಳು. ನಾನು ಪಕ್ಕದ ಮನೆಗೆ ಪೇಪರ್ ಓದಲು ಹೋದೆ. ಇದನ್ನು ಪದ್ಯ ಮಾಡಲು ಕೂತೆ, ಪ್ರಾಸ ಸಿಗಲಿಲ್ಲ.

ಇಂತಿ, ಹಾಡು ಕಳೆದ, ಜಾಡು ಉಳಿದ,
ಚನ್ನಕೇಶವ


ಸಾದಲಿ
೬-೧೧-೯೩

ಚಿ॥ ಚನ್ನಕೇಶವನಿಗೆ ಆಶೀರ್ವಾದಗಳು.

ಪೂರ್ತಿ ಬಳೆಗಳೇ ಕಣೋ. ಚಿಕ್ಕವೆಂಕಟಮ್ಮನೇ ಎತ್ತಿ ಕಣ್ಣಿಗೆ ಒತ್ತಿಕೊಂಡ್ಲು. ಯಾಕೆ ಹಂಗೆ ಕೇಳ್ತೀಯ?

ವರ್ಷಕ್ಕೊಂದು ಸಲ ಅಂತೀಯ. ನಾಲ್ಕು ವರ್ಷ ಹಸಿದಿದ್ದೋಳಿಗೆ ಒಂದು ಹೊತ್ತಿನ ಊಟ ಸಾಕಾ? ನಾನು ದಿನಾ ಮಧ್ಯಾಹ್ನ ಒಂದು ಎಲೆ ಇಡ್ತಾ ಇದ್ದೀನಿ. ಕದ ಮುಚ್ಚಿ ಜಗುಲೀಲಿ ಕೂತಿರ್ತೀನಿ. ಅಮ್ಮ ಮುಟ್ಟಿದಮೇಲೆ ನಾನು ಉಣ್ಣೋದು. ಇಪ್ಪತ್ತು ದಿನ ಆಯ್ತು, ಮುಟ್ಟಿಲ್ಲ. ಎಲೆ ಹಂಗೇ ಇರ್ತದೆ, ನಾನೂ ಹಂಗೇ ಏಳ್ತೀನಿ. ರಾತ್ರಿ ಒಂದು ಲೋಟ ಗಂಜಿ. ಹಸಿವೇ ಆಗಲ್ಲ, ಮೈ ಹಗೂರ ಆಗೈತೆ.

ದೀಪಾವಳಿಗೆ ನೋಮು ವ್ರತ. ಕಜ್ಜಾಯಕ್ಕೆ ಅಕ್ಕಿ ನೆನೆಸ್ತೀನಿ. ನೀನು ಬರಲೇಬೇಕು.

ಆದಿಲಕ್ಷ್ಮಮ್ಮ


ಸಾದಲಿ
೨೦-೧೧-೯೩

ಚಿ॥ ಚನ್ನಕೇಶವನಿಗೆ ಆಶೀರ್ವಾದಗಳು.

ನಾನು ಹೇಳಲಿಲ್ವಾ? ನೀನು ಬಂದೆ, ಅಮ್ಮ ಬಂದ್ಲು. ಹನ್ನೊಂದು ಕಜ್ಜಾಯ ಇಟ್ಟಿದ್ದೆ. ಅಷ್ಟೂ ಅಂಚು, ಅದೇ ತುದಿ ಕೆಳಗೆ. ನೀನು ಈ ಸಲಾನೂ ಹುಳದ ಮನೇಲಿ ಮಲಗಿಬಿಟ್ಟೆ, ಎಬ್ಬಿಸಿದ್ರೆ ಬೆವರಿ ಒದ್ದೆಯಾಗಿದ್ದೆ. ಅಷ್ಟು ಸುಸ್ತಾ ಕಣಪ್ಪಾ ನಿನ್ನ ಕೆಲಸ? ಶ್ಯಾಮಲನ್ನ ಯಾಕೆ ಕರ್ಕೊಂಡು ಬರಲಿಲ್ಲ?

ನೀನು ಹೋದಮೇಲೆ ಮತ್ತೆ ಎಲೆ ಇಟ್ಟಂಗೇ ಐತೆ. ನಿನ್ನ ಜೊತೆ ಬರ್ತಾಳೆ, ನಿನ್ನ ಜೊತೇನೇ ಹೋಗ್ತಾಳೆ. ನಿನ್ನ ಹತ್ರಾನೇ ಇದ್ದಾಳೆ ಅಂತ ನನಗೆ ಈಗ ಗೊತ್ತಾಯ್ತು. ಪ್ರಾಣ ಬಿಟ್ಟಿದ್ದು ನಿನ್ನ ಮನೇಲಲ್ವಾ. ರಾತ್ರಿ ಹೊತ್ತು ನಿನ್ನ ಅಡುಗೆಮನೇಲಿ ಸದ್ದಾಗ್ತದಾ? ಶ್ಯಾಮಲನ್ನ ಕೇಳಿ ನೋಡು.

ಬರೋ ಅಮಾಸೆ ಹದಿಮೂರಕ್ಕೆ. ಅವರೇಕಾಯಿ ಬಂದಿದೆ, ಹಿತಕಿದ ಬೇಳೆ ಸಾರು ಮಾಡ್ತೀನಿ, ಒಬ್ಬಟ್ಟೂ ಮಾಡ್ತೀನಿ. ಈಗ ಗಂಜೀನೂ ಬಿಟ್ಟಿದ್ದೀನಿ. ಅಮ್ಮ ಉಂಡಮೇಲೇ.

ಆದಿಲಕ್ಷ್ಮಮ್ಮ


(ಕಾರ್ಡು)
ಸಾದಲಿ
೩-೧೨-೯೩

ಚನ್ನಕೇಶವನಿಗೆ ಕೋನಪ್ಪನ ಆಶೀರ್ವಾದ. ನಿಮ್ಮಕ್ಕ ನಿನ್ನೆ ಸೊಪ್ಪು ಹಾಕುವಾಗ ಹುಳದ ತಟ್ಟೆಯ ಮೇಲೇ ಬಿದ್ದಳು. ಶಿಡ್ಲಘಟ್ಟದ ಡಾಕ್ಟರು ಗ್ಲೂಕೋಸ್ ಹಾಕಿ, ಹೊಟ್ಟೆಯಲ್ಲಿ ಏನೂ ಇಲ್ಲ, ಹೀಗೇ ಒಂದು ತಿಂಗಳು ಹೋದರೆ ನನ್ನ ಹತ್ತಿರ ಕರೆತರಬೇಡಿ ಅಂದರು. ನಾನು ಈ ಮನೆಗೆ ಮನೆಯಳಿಯನಾಗಿ ಬಂದು ಇಪ್ಪತ್ತಾರು ವರ್ಷ. ನಿಮ್ಮಮ್ಮ ಬದುಕಿದ್ದಾಗಲೇ ಹನ್ನೊಂದು ಕಜ್ಜಾಯ ತಿಂದಿದ್ದು ನಾನು ಕಂಡಿಲ್ಲ. ಇದಕ್ಕಿಂತ ಜಾಸ್ತಿ ಕಾರ್ಡಿನಲ್ಲಿ ಬರೆಯಲ್ಲ, ಪೋಸ್ಟ್‌ಮ್ಯಾನ್ ಓದುತ್ತಾನೆ. ನೀನು ಓದಿದವನು, ಏನು ಮಾಡಬೇಕೋ ಮಾಡು. ಕೋನಪ್ಪ


ಗೌರಿಬಿದನೂರು
೮ ಡಿಸೆಂಬರ್ ೧೯೯೩

ಪ್ರಿಯ ಅಕ್ಕ,

ಭಾವನ ಕಾರ್ಡು ಬಂತು. ಮೊದಲು ಗಂಜಿ ಕುಡಿ. ಅಮ್ಮನ ಹೆಸರಿನಲ್ಲಿ ಹೊಟ್ಟೆ ಸುಟ್ಟುಕೊಂಡರೆ ಅಮ್ಮನಿಗೆ ಸಂತೋಷವೇ? ನೀನು ಉಣ್ಣದೆ ಇದ್ದರೆ ಅವಳು ಯಾಕೆ ಉಣ್ಣುತ್ತಾಳೆ?

ಹದಿಮೂರಕ್ಕೆ ನಾನು ಬರುವುದಿಲ್ಲ. ಕಾರ್ಖಾನೆಯಲ್ಲಿ ಹಾಜರಿ ಪುಸ್ತಕಗಳ ತಪಾಸಣೆ ಇದೆ, ರಜೆ ಇಲ್ಲ. ಕಾರಣ ಇಷ್ಟೇ. ನಾನು ಬಾರದಿರುವುದು ಒಳ್ಳೆಯದೆಂದೂ ಅನ್ನಿಸುತ್ತದೆ. ಎಲೆ ಮುಟ್ಟದೆ ಉಳಿಯಲಿ. ಆಗ ನೀನು, ಅಮ್ಮ ತೃಪ್ತಳಾಗಿ ಹೋದಳು ಎಂದುಕೊಂಡು ಉಣ್ಣುತ್ತೀಯ.

ಮೊನ್ನೆ ರೈಲ್ವೆ ಸ್ಟೇಷನ್ನಿನ ತೂಕದ ಯಂತ್ರದ ಮೇಲೆ ನಿಂತೆ. ಕೆಂಪು ದೀಪಗಳೆಲ್ಲ ಹತ್ತಿ, ಚಕ್ರ ತಿರುಗಿ, ಚೀಟಿ ಬಿತ್ತು. ಎಂಬತ್ತಾರು ಕಿಲೋ. ಗೌರಿಹಬ್ಬಕ್ಕೆ ಎಪ್ಪತ್ತೇಳಿತ್ತು. ಹಿಂಬದಿಯ ಇಂಗ್ಲಿಷ್ ಭವಿಷ್ಯವನ್ನು ಕನ್ನಡಕ್ಕಿಳಿಸಿದರೆ: ‘ನಿಮ್ಮ ಮನಸ್ಸು ನಿರ್ಮಲ. ನಿಮ್ಮನ್ನು ನಂಬಿದವರು ಕೆಡುವುದಿಲ್ಲ.’ ಚೀಟಿಯನ್ನು ಹರಿದು ಹಾಕಬೇಕೆಂದುಕೊಂಡೆ. ಜೇಬಿನಲ್ಲೇ ಇದೆ.

ನೀನು ಎಷ್ಟು ಇಳಿದಿದ್ದೀಯೋ ಭಾವ ಬರೆದಿಲ್ಲ. ಒಂಬತ್ತು ಕಿಲೋ ಇರಬಹುದೆಂದು ನನಗೆ ಯಾಕೋ ಅನ್ನಿಸುತ್ತಿದೆ.

ರಾತ್ರಿ ಅಡುಗೆಮನೆಯಲ್ಲಿ ಸದ್ದಾಗುತ್ತದೆಯೇ ಎಂದು ನೀನು ಕೇಳಿದ್ದೆ. ಆಗುತ್ತದೆ. ಅದು ನಾನು. ಕೆಲವು ಸಲ ನಾನು ಹಾಸಿಗೆಯಲ್ಲಿ ಮಲಗಿದ್ದುಕೊಂಡೇ ಆ ಸದ್ದು ಕೇಳುತ್ತೇನೆ. ಅದರ ಬಗ್ಗೆ ಶ್ಯಾಮಲಳನ್ನು ಕೇಳಲು ನನಗೆ ಧೈರ್ಯವಿಲ್ಲ.

ಇಂತಿ,
ಚನ್ನಕೇಶವ


ಸಾದಲಿ
೧೬-೧೨-೯೩

ಚಿ॥ ಚನ್ನಕೇಶವನಿಗೆ ಅಕ್ಕನ ಆಶೀರ್ವಾದಗಳು.

ಅಕ್ಷರ ಸೊಟ್ಟ ಆದ್ರೆ ಬೈಬೇಡ. ಕೂತು ಕೂತು ಮೂರು ದಿನದಿಂದ ಬರೀತಿದ್ದೀನಿ.

ಅಮಾಸೆ ದಿನ ನೀನು ಬರಲಿಲ್ಲ. ನಿಮ್ಮ ಭಾವ ಬೆಳಿಗ್ಗೆಯಿಂದ ಹೇಳ್ತಾ ಇದ್ರು, “ಇವತ್ತು ನೋಡೇ, ಎಲೆ ಹಂಗೇ ಇರ್ತದೆ. ನಿನ್ನ ತಮ್ಮ ಬಂದಿಲ್ಲವಲ್ಲ.” ಮೊದಲನೇ ದಿನಾನೂ ಅವರು ಆಡಿದ್ದು ಇದೇ ಅರ್ಥದ ಮಾತು, ಎಲೆ ಬರಿದು ಮಾಡಿದ್ದು ನೀನೇ ಅಂತ. ನಿನಗೆ ಬರೆಯಲ್ಲ ಅಂದಿದ್ದೆ. ಆವತ್ತು ಅವರ ಜೊತೆ ಜಗಳ ಆಡಿ ಎರಡು ದಿನ ಮಾತು ಬಿಟ್ಟಿದ್ದೆ. ಹೆತ್ತ ತಾಯಿ ಎಡೆ, ಮಗ ಆದೋನು ಕದ್ದು ತಿನ್ತಾನಾ? ನಮ್ಮ ಚನ್ನ ಹೊಟ್ಟೆಬಾಕ ಇರಬಹುದು, ಅಷ್ಟು ಕೆಟ್ಟೋನಲ್ಲ ಅಂದೆ.

ಕದ ತೆಗೆದ್ರೆ ಎಲೆ ಖಾಲಿ. ಹಿತಕಿದ ಬೇಳೆ ಸಾರು ಇಲ್ಲ, ಒಬ್ಬಟ್ಟು ಆರೂ ಇಲ್ಲ. ಅಂಚು ಆರು, ತುದಿ ಕೆಳಗೆ. ನಿಮ್ಮ ಭಾವನ ಮುಖ ನೋಡಬೇಕಿತ್ತು ನೀನು. ಅವರೂ ಕೈ ಮುಗಿದ್ರು. ಆವತ್ತು ನಾನು ಎರಡು ತುತ್ತು ಉಂಡೆ. ಜಾಸ್ತಿ ಇಳೀಲಿಲ್ಲ, ಗಂಟಲು ಮರೆತೋಗೈತೆ.

ಇನ್ನೊಂದು ಐತೆ. ಸಾಯಂಕಾಲ ಹುಳಕ್ಕೆ ಸೊಪ್ಪು ಹಾಕೋಕೆ ಹೋದೆ. ಹುಳದ ಮನೆ ಹಿಂಬಾಗಿಲ ಹತ್ರ ನೆಲಕ್ಕೆ ಸುಣ್ಣದ ಪುಡಿ ಉದುರಿಸಿರ್ತೀವಲ್ಲ, ಹುಳಕ್ಕೆ ರೋಗ ತಗಲದಿರಲಿ ಅಂತ. ಅದರ ಮೇಲೆ ಒಂದು ಹೆಜ್ಜೆ ಮೂಡಿತ್ತು. ಬರಿಗಾಲು. ಎಡಗಾಲು. ಒಳಗೆ ಬರೋ ದಿಕ್ಕಿಗೆ. ನಾನು ಅದರ ಮೇಲೆ ಬುಟ್ಟಿ ಕವುಚಿ ಇಟ್ಟಿದ್ದೀನಿ. ಚಿಕ್ಕವೆಂಕಟಮ್ಮ ದಿನಾ ಬಂದು ಅರಿಶಿನ ಕುಂಕುಮ ಇಟ್ಟು ಹೋಗ್ತಾಳೆ. ಊರೋರೂ ಬರೋಕೆ ಶುರು ಮಾಡವ್ರೆ.

ಹೆಜ್ಜೆಗೆ ನಾಲ್ಕೇ ಬೆರಳು ಐತೆ. ಸತ್ತೋರ ಹೆಜ್ಜೆ ಪೂರ್ತಿ ಮೂಡಲ್ಲ ಅಂತಾಳೆ ಚಿಕ್ಕವೆಂಕಟಮ್ಮ. ನಾನು ಬುಟ್ಟಿ ಮತ್ತೆ ಕವುಚಿದೆ. ನಿಮ್ಮ ಭಾವನೂ ಬುಟ್ಟಿ ಎತ್ತಿ ನೋಡಿ ಹಂಗೇ ಮುಚ್ಚಿಟ್ರು. ನಾವು ಜಾಸ್ತಿ ಓದದೇ ಇರೋರು. ನೀನು ಬಿ.ಎ. ಮಾಡಿರೋನು, ನೀನು ಹೇಳು. ಅದು ಅಮ್ಮನ ಹೆಜ್ಜೇನೇ ಅಲ್ವಾ ಚನ್ನ?

ಅಮ್ಮಂದೇ ಅಂತ ನೀನು ಬರೆದ್ರೆ ನಾನು ನಂಬ್ತೀನಿ. ನೀನು ಬರೆದಿದ್ದು ಯಾವತ್ತು ನಂಬಿಲ್ಲ? ಅಮ್ಮಂದೇ ಆದ್ರೆ, ಸಂಕ್ರಾಂತಿಗೆ ಅಮ್ಮ ಮತ್ತೆ ಬರೋವರೆಗೂ ನೀರಿನ ಮೇಲೇ ಇರ್ತೀನಿ ಅಂತ ಹೇಳಿಕೊಂಡಿದ್ದೀನಿ. ಡಾಕ್ಟ್ರು “ಅಷ್ಟು ದಿನ ಜೀವ ತಡೆಯಲ್ಲ” ಅಂದ್ರು. ನಿನ್ನ ಕಾಗದ ಬರೋವರೆಗೂ ಕಾಯ್ತೀನಿ. ಬೇಗ ಬರಿ.

ಆದಿಲಕ್ಷ್ಮಮ್ಮ


ಗೌರಿಬಿದನೂರು
೨೦ ಡಿಸೆಂಬರ್ ೧೯೯೩

ಮಾನ್ಯ ಅಧ್ಯಕ್ಷರೇ, ಗಣ್ಯರೇ, ಸಭಿಕರೇ,

ಇಂದಿನ ಉಪನ್ಯಾಸದ ವಿಷಯ ‘ಹೆಜ್ಜೆ’. ಮಾತಿಗೆ ಅನುಕೂಲವಾಗಲೆಂದು ಒಬ್ಬ ಮನುಷ್ಯನನ್ನು ಊಹಿಸಿಕೊಳ್ಳೋಣ.

ಆ ಮನುಷ್ಯ ಕಾರ್ಖಾನೆಯೊಂದರಲ್ಲಿ ಮಂದಿಯ ಹಾಜರಿ ಬರೆಯುವವನು. ಡಿಸೆಂಬರ್ ಹದಿಮೂರರ ಬೆಳಿಗ್ಗೆ ತನ್ನ ಹೆಸರಿನ ಮುಂದೆಯೂ ಹಾಜರಿ ಹಾಕಿಕೊಂಡು ಗೇಟು ದಾಟಿದ. ಬಸ್ಸು ಹತ್ತುವಾಗ ಎಲ್ಲಿಗೆಂದು ತನಗೆ ಗೊತ್ತಿರಲಿಲ್ಲ ಎನ್ನುತ್ತಾನೆ. ಸಭೆ ನಂಬಬೇಕಾಗಿಲ್ಲ. ಚಿಕ್ಕಬಳ್ಳಾಪುರದಲ್ಲಿ ಇಳಿದು ಹೋಟೆಲಿಗೆ ಹೋಗಿ ಪೂರಿ ತಿಂದ, ಮತ್ತೆ ಪೂರಿ ತಿಂದ, ಹೊಟ್ಟೆ ತುಂಬಿದರೆ ವಾಪಸಾಗಬಹುದೆಂದು. ಹೊಟ್ಟೆ ತುಂಬಿತು. ಆದರೂ ಪೆರೇಸಂದ್ರಕ್ಕೆ ಟಿಕೆಟ್ ತೆಗೆದ. ಅಲ್ಲಿಂದ ಸಾದಲಿ. ಊರೊಳಗಿನ ದಾರಿ ಬಿಟ್ಟು ಹಿಪ್ಪುನೇರಳೆ ತೋಟದ ಬದುವಿನ ಮೇಲೆ, ಸದ್ದಾಗದಿರಲೆಂದು ಚಪ್ಪಲಿ ಕೈಯಲ್ಲಿ ಹಿಡಿದು ನಡೆದ. ನಡು ಮಧ್ಯಾಹ್ನ. ಅವರೆಕಾಯಿಯ ಸೊಗಡು ತೋಟದವರೆಗೆ ಬಂದಿತ್ತು.

ಹುಳದ ಮನೆಯಿಂದ ನಡುಮನೆಗೆ ಒಂದು ಚಿಕ್ಕ ಕದವಿದೆ. ಅದರ ಸಂದಿಯಿಂದ ಆತ ನೋಡಿದ. ಒಬ್ಬ ಹೆಂಗಸು ಎಲೆಗೆ ಬಡಿಸುತ್ತಿದ್ದಳು. ಬಗ್ಗಿದಾಗ ಬಳೆಗಳೆಲ್ಲ ಮೊಣಕೈವರೆಗೆ ಜಾರುತ್ತಿದ್ದವು. ಆತ ಅವಳನ್ನು ಗುರುತು ಹಿಡಿಯಲು ಸ್ವಲ್ಪ ಹೊತ್ತಾಯಿತು. ಅವಳು ಒಬ್ಬಟ್ಟನ್ನು ಎಲೆಯ ಮೇಲೆ ಇಡುತ್ತ, ಒಂದೊಂದಕ್ಕೂ “ಈ ಸಲ ಎತ್ತಲ್ಲ ಅಮ್ಮ, ಎತ್ತಲ್ಲ” ಅನ್ನುತ್ತಿದ್ದಳು. ಆಮೇಲೆ ಹೊರಗೆ ಹೋಗಿ ಕದ ಮುಚ್ಚಿದಳು.

ಆಗಲೂ ಆತ ಹಿಂಬಾಗಿಲಿಂದ ಹೊರಟು, ಸುತ್ತಿ ಬಂದು, ಜಗುಲಿಯ ಮುಂದೆ ನಿಂತು, “ಅಕ್ಕ, ರಜೆ ಸಿಕ್ಕಿತು, ಬಂದೆ” ಅನ್ನಬಹುದಿತ್ತು. ಚಿಕ್ಕ ಕದಕ್ಕೆ ಕೈ ಹಾಕಿದ.

ಆಗ ಒಂದು ಸಂಗತಿ ನಡೆಯಿತು. ಹುಳುಗಳು ಪೊರೆ ಬಿಡುವ ನಾಲ್ಕೂ ಜ್ವರ ದಾಟಿ, ಗೂಡಿಗೆ ಮುಂಚಿನ ಕಡೆಯ ಹಸಿವಿನಲ್ಲಿದ್ದವು, ಮನೆ ತುಂಬ ಮಳೆಯ ಸದ್ದು. ಆತ ಕದ ತಳ್ಳಿದ್ದೇ, ಆ ಸದ್ದು ನಿಂತಿತು. ಎಲ್ಲ ತಟ್ಟೆಗಳಲ್ಲೂ, ಒಟ್ಟಿಗೆ. ತಿರುಗಿ ನೋಡಿದ. ಸಭಿಕರು ಸೊಪ್ಪಿನಿಂದ ತಲೆಯೆತ್ತಿದ್ದರು. ಸಾವಿರ ಸಾವಿರ ಬಿಳಿ ತಲೆಗಳು, ಒಂದೂ ಅಲುಗದೆ. ಮೂವತ್ತೈದು ವರ್ಷದಲ್ಲಿ ಮೊದಲ ಸಲ ಸಭೆ ಆತನ ಮಾತಿಗೆ ಕಾಯುತ್ತಿತ್ತು.

ಆತ ಸಭೆಗೆ ಬೆನ್ನು ತಿರುಗಿಸಿದ. ಒಳಗೆ ಹೋಗಿ

ಅಕ್ಕ, ಸಾಕು. ಇಲ್ಲಿ ಸಭೆಯೂ ಇಲ್ಲ, ಅಧ್ಯಕ್ಷರೂ ಇಲ್ಲ. ನನ್ನ ಮುಂದೆ ಒಂದು ಇನ್‌ಲ್ಯಾಂಡ್ ಕಾಗದವಿದೆ, ಅಷ್ಟೇ. ಕತ್ತಿ ಬಿದ್ದ ದಿನ ಲಂಗ ಹರಿದು ಆ ಕಾಲಿಗೆ ಕಟ್ಟಿದವಳು ನೀನು. ಆ ಹೆಜ್ಜೆ ಯಾರದೆಂದು ಬುಟ್ಟಿ ಕವುಚುವ ಮೊದಲೇ ನಿನಗೆ ಗೊತ್ತಿತ್ತು. ನಾನೇ ಬರೆಯಲಿ ಎಂದು ನೀನು ಕಾದೆ.

ಅಮ್ಮ ನಿನ್ನನ್ನು ಕ್ಷಮಿಸಿದ್ದಳು ಎಂದು ಬರೆಯಲು ಮೂರು ಸಲ ಪೆನ್ನು ಎತ್ತಿದೆ. ಗೊತ್ತಿಲ್ಲ ಅಕ್ಕ. ಆ ಐದು ತಿಂಗಳು ಅವಳು ನಿನ್ನ ಹೆಸರೆತ್ತಲಿಲ್ಲ. ನಾನೂ ಎತ್ತಲಿಲ್ಲ. ಶ್ಯಾಮಲಳಿಗೆ ತಿಳಿಯದ ಹಾಗೆ ನಾವಿಬ್ಬರೂ ಡಬ್ಬದಿಂದ ತಿನ್ನುತ್ತಿದ್ದೆವು. ನೀನು ಕಿತ್ತುಕೊಂಡದ್ದನ್ನು ನಾನು ಕೊಟ್ಟೆ. ಅವಳ ಕಾಲು ಕೊಳೆತದ್ದು ನನ್ನ ಮನೆಯಲ್ಲಿ.

ಅಂಚಿನ ವಿಷಯ ಕೇಳಬೇಡ. ನಾನು ಅಂಚನ್ನೇ ಮೊದಲು ತಿನ್ನುವವನು, ಮೂರು ಸಲವೂ ಎಲೆಯ ಮೇಲಾಗಲಿ ಕೆಳಗಾಗಲಿ ಒಂದು ಚೂರೂ ಬಿಟ್ಟವನಲ್ಲ. ಅದು ಯಾರ ಕೈಯೋ, ಯಾರಿಗೆಂದು ಇಟ್ಟದ್ದೋ, ಯೋಚಿಸಲು ನನಗೆ ಭಯ. ಗೊತ್ತಿರುವುದನ್ನು ಮಾತ್ರ ಬರೆಯುತ್ತೇನೆ. ಬುಟ್ಟಿ ತೆಗೆ, ಹೆಜ್ಜೆ ಗುಡಿಸು, ಉಣ್ಣು.

ನಿನ್ನ ಎಲೆ ತಿಂದವನು ನಾನು.

ಚನ್ನ